ಹಡಗಿನ ಮುಂದಿನ ಕೋಣೆ: ಹಣ ಕಟ್ಟುವ ಮೊದಲು

ನಮ್ಮ ಕಾಫಿ ಸಮುದ್ರ ದಾಟುವುದು ಹೊಸ ಸಂಗತಿಯೇನಲ್ಲ. ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದ ಮೂಟೆಗಳು ಕರಾವಳಿಯ ಬಂದರುಗಳಲ್ಲಿ ಹಾಯಿಹಡಗು ಹತ್ತಿ, ಆಫ್ರಿಕದ ತುದಿಯನ್ನು ಸುತ್ತಿ, ತಿಂಗಳುಗಟ್ಟಲೆ ತೇಲಿ ಯುರೋಪು ಸೇರುತ್ತಿದ್ದ ಕಾಲವೊಂದಿತ್ತು. ದಾರಿಯ ತೇವಕ್ಕೆ ಉಬ್ಬಿ ಬಣ್ಣ ತಿರುಗಿದ ಆ ಬೀಜದ ರುಚಿಯೇ ಅಲ್ಲಿಯವರ ನಾಲಗೆಗೆ ಹಿಡಿಸಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಗಿಡ್ಡವಾಯಿತು. ಮುಂದೆ ಅದೇ ರುಚಿಗಾಗಿ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಮುಂಗಾರು ಗಾಳಿಗೆ ಒಡ್ಡುವ ಪದ್ಧತಿ ಬೆಳೆಯಿತು. ಅದೇ ಇಂದಿನ ಮಾನ್ಸೂನ್ ಕಾಫಿ.

ಈಗ ಕಂಟೇನರುಗಳ ಕಾಲ. ಅನುಭವಸ್ಥ ರಫ್ತುದಾರರು ಕಾಫಿಯ ಕಂಟೇನರನ್ನು ಹಡಗಿನ ಮೇಲ್ತಟ್ಟಿನಲ್ಲಿ ಬಿಸಿಲಿಗೆ ಒಡ್ಡಬೇಡಿ, ಕೆಳಗಡೆ ಇಡಿ ಎಂದು ಮೊದಲೇ ತಿಳಿಸುತ್ತಾರೆ. ಮೇಲಿಟ್ಟರೆ ಹಗಲ ಕಾವಿಗೆ ಬೀಜದಿಂದ ಹೊರಟ ಹಬೆ ರಾತ್ರಿಯ ತಂಪಿಗೆ ತಗಡಿನ ಒಳಮೈಯಲ್ಲಿ ನೀರಾಗಿ ಮೂಟೆಗಳ ಮೇಲೆ ತೊಟ್ಟಿಕ್ಕುತ್ತದೆ. ಬೂಸಲು ಹಿಡಿಯುವುದಕ್ಕೆ ಅಷ್ಟು ಸಾಕು. ಒಂದು ಪೆಟ್ಟಿಗೆ ಕಾಫಿಗೆ ಹಡಗಿನಲ್ಲಿ ಯಾವ ಜಾಗ ಎಂದು ಇಷ್ಟೆಲ್ಲ ವಿಚಾರಿಸುವ ನಾವು, ಮನೆಮಂದಿಯನ್ನು ಕರೆದುಕೊಂಡು ಹಡಗು ಹತ್ತುವಾಗ ಮಾತ್ರ ದರ ಎಷ್ಟು, ಸಸ್ಯಾಹಾರ ಸಿಗುತ್ತದೆಯೇ ಎಂದು ಎರಡು ಪ್ರಶ್ನೆ ಕೇಳಿ ಹಣ ಕಟ್ಟಿಬಿಡುತ್ತೇವೆ.

ಹಡಗಿನ ಪ್ರವಾಸ ಈಗ ಸಿರಿವಂತರಿಗಷ್ಟೇ ಮೀಸಲಾಗಿ ಉಳಿದಿಲ್ಲ. ‘ಎಂಪ್ರೆಸ್’ ಎಂಬ ಪ್ರವಾಸಿ ಹಡಗು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಓಡಾಟ ಆರಂಭಿಸಿದ ಮೇಲೆ ಗೋವ, ಲಕ್ಷದ್ವೀಪ, ಕೊಚ್ಚಿಗಳನ್ನು ನೋಡಿಬರುವುದು ಪಾಸ್‌ಪೋರ್ಟಿನ ಗೊಡವೆಯಿಲ್ಲದೆ ಸಾಧ್ಯವಾಯಿತು. ಮಕ್ಕಳು ಹೊರದೇಶದಲ್ಲಿರುವ ಮನೆಗಳವರು ಸಿಂಗಾಪುರ, ಮೆಡಿಟರೇನಿಯನ್ ಕಡೆಯ ಹಡಗುಗಳನ್ನೂ ಹತ್ತುತ್ತಿದ್ದಾರೆ. ನಮ್ಮ ಸದಸ್ಯರೊಬ್ಬರು ಈಚೆಗೆ ಒಂದು ಪ್ರಶ್ನೆ ಕೇಳಿದರು. ತಂದೆ ತಾಯಿಯ ಮದುವೆಗೆ ಐವತ್ತು ವರ್ಷ ತುಂಬುತ್ತದೆ, ಅವರನ್ನು ಒಮ್ಮೆ ಹಡಗಿನಲ್ಲಿ ಕರೆದೊಯ್ಯಬೇಕೆಂದು ಆಸೆ. ಏಜೆಂಟರು ಹಡಗಿನ ಮುಂತುದಿಯ ಕೋಣೆಯನ್ನೇ ತೆಗೆದುಕೊಳ್ಳಿ, ಸ್ವಲ್ಪ ಹೆಚ್ಚು ಹಣವಾದರೂ ಅಂಥ ನೋಟ ಬೇರೆಲ್ಲೂ ಇಲ್ಲ ಎನ್ನುತ್ತಾರೆ. ತಾಯಿಗೋ ಚಾರ್ಮಾಡಿ ಘಾಟಿ ಇಳಿಯುವ ಹೊತ್ತಿಗೆ ನಿಂಬೆಹಣ್ಣು ಮೂಸುತ್ತ ಕೂರಬೇಕಾದ ಸ್ಥಿತಿ. ಏನು ಮಾಡೋಣ?

ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವುದಕ್ಕಿಂತ ಹಡಗು ನೀರಿನ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತಿಳಿದರೆ ಪ್ರತಿಯೊಬ್ಬರೂ ತಮ್ಮ ಮನೆಯ ಸ್ಥಿತಿಗೆ ತಕ್ಕಂತೆ ತಾವೇ ತೀರ್ಮಾನಿಸಬಹುದು.

ಮೊದಲಿಗೆ, ಮುಂದಿನ ಕೋಣೆ ಎಂಬ ಹೆಸರಿನಲ್ಲೇ ಎರಡು ಬಗೆಯ ಕೋಣೆಗಳು ಬೆರೆತಿವೆ. ಹಡಗಿನ ಉದ್ದವನ್ನು ಮೂರು ಪಾಲು ಮಾಡಿದರೆ ಮುಂದಿನ ಪಾಲಿನಲ್ಲಿ ಬರುವ ಎಲ್ಲ ಕೋಣೆಗಳನ್ನೂ ಕಂಪೆನಿಯವರು ‘ಫಾರ್ವರ್ಡ್’ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವುಗಳ ಕಿಟಕಿ ಇರುವುದು ಎಡ ಅಥವಾ ಬಲ ಮಗ್ಗುಲಿಗೆ. ಕೆಲವಕ್ಕೆ ಕಿಟಕಿಯೇ ಇಲ್ಲ. ಹಡಗು ಹೋಗುವ ದಿಕ್ಕಿಗೇ ಮುಖ ಮಾಡಿದ ಕಿಟಕಿ ಇರುವ ಕೋಣೆಗಳು ಒಂದೊಂದು ಅಂತಸ್ತಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ, ಕೆಲವು ಹಡಗುಗಳಲ್ಲಿ ಅದೂ ಇಲ್ಲ. ಏಜೆಂಟರು ಹೇಳುವ ನೋಟ ಈ ಎರಡನೆಯ ಬಗೆಯದು. ಹಡಗಿನ ಅಲುಗಾಟ ಮಾತ್ರ ಎರಡೂ ಬಗೆಯವರಿಗೆ ಸರಿಸಮ. ಕೈಗೆ ಸಿಗುವುದು ಯಾವುದು ಎಂದು ಕೇಳದೆ ಹಣ ಕಟ್ಟಿದರೆ ನೋಟವಿಲ್ಲದ ಅಲುಗಾಟವೊಂದೇ ಪಾಲಿಗೆ ಬರುವುದುಂಟು.

ಏತದ ತುದಿ

ಹಡಗಿನ ಅಲುಗಾಟದಲ್ಲಿ ನಮಗೆ ಮುಖ್ಯವಾದವು ಎರಡು. ಮೂತಿ ಮೇಲೆದ್ದಾಗ ಬಾಲ ತಗ್ಗಿ, ಬಾಲ ಎದ್ದಾಗ ಮೂತಿ ತಗ್ಗುವುದು ಒಂದು. ಎಡಕ್ಕೂ ಬಲಕ್ಕೂ ತೊಟ್ಟಿಲಿನಂತೆ ವಾಲುವುದು ಇನ್ನೊಂದು. ಮೊದಲನೆಯದನ್ನು ಏರಿಳಿತ ಎಂದೂ ಎರಡನೆಯದನ್ನು ಹೊಯ್ದಾಟ ಎಂದೂ ಕರೆಯೋಣ. ಇವಲ್ಲದೆ ಇಡೀ ಹಡಗೇ ಅಲೆಯ ಮೇಲೆ ಒಟ್ಟಾಗಿ ಎದ್ದು ಕೂರುವುದೂ ಉಂಟು. ಅದು ಎಲ್ಲಿದ್ದರೂ ತಪ್ಪಿದ್ದಲ್ಲ.

ಬಾವಿಯಿಂದ ನೀರೆತ್ತುವ ಏತವನ್ನು ಕಂಡವರಿಗೆ ಏರಿಳಿತವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮರ ಕೂತಿರುವ ಕಂಬದ ಹತ್ತಿರ ಚಲನೆ ಅಷ್ಟಕ್ಕಷ್ಟೆ. ತುದಿ ಮಾತ್ರ ಆಳಕ್ಕಿಳಿದು ಎತ್ತರಕ್ಕೇರುತ್ತದೆ. ಹಡಗಿನ ಕಂಬ ಎಂದರೆ ಅದರ ನಡುಭಾಗ, ಸಾಮಾನ್ಯವಾಗಿ ನಟ್ಟನಡುವಿಗಿಂತ ತುಸು ಹಿಂದೆ. ಲೆಕ್ಕ ಹಾಕಿಯೇ ನೋಡಬಹುದು. ಎಂಪ್ರೆಸ್ ಸುಮಾರು 210 ಮೀಟರ್ ಉದ್ದದ ಹಡಗು. ಮುಂದಿನ ಕೋಣೆ ಆ ನಡುವಿನಿಂದ 90 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಹಡಗು ಬರೇ 2 ಡಿಗ್ರಿಯಷ್ಟು ಮೂತಿ ಎತ್ತಿದರೆ ಆ ಕೋಣೆ 3 ಮೀಟರಿಗೂ ಸ್ವಲ್ಪ ಹೆಚ್ಚು ಮೇಲೇರುತ್ತದೆ, ಮರುಗಳಿಗೆಯಲ್ಲಿ ಅಷ್ಟೇ ಕೆಳಗಿಳಿಯುತ್ತದೆ. ಒಟ್ಟು 6 ಮೀಟರು, ಅಂದರೆ ಸುಮಾರು ಇಪ್ಪತ್ತು ಅಡಿ. ಮಲಗಿರುವ ಮಂಚ ಮಹಡಿಯಿಂದ ಅಂಗಳಕ್ಕೆ ಇಳಿದು ಮತ್ತೆ ಏರಿದಂತೆ. ಅದೇ ಹೊತ್ತಿಗೆ ನಡುವಿನಿಂದ 10 ಮೀಟರ್ ದೂರದ ಕೋಣೆಯವರಿಗೆ ಆಗುವ ಏರಿಳಿತ ಮೇಲಕ್ಕೆ 35 ಸೆಂಟಿಮೀಟರು, ಕೆಳಕ್ಕೆ 35 ಸೆಂಟಿಮೀಟರು. ಅವರು ಕಾಫಿ ಕುಡಿಯುತ್ತ ಕುಳಿತಿರುತ್ತಾರೆ.

ಘಟ್ಟದ ಬಸ್ಸಿನಲ್ಲಿ ಎರಡು ಗಾಲಿಗಳ ನಡುವಿನ ಸೀಟು ಹಿಡಿಯಿರಿ, ಕೊನೆಯ ಸೀಟಿಗೆ ಹೋಗಬೇಡಿ ಎಂದು ನಮ್ಮ ಹಿರಿಯರು ಹೇಳುವುದೂ ಇದೇ ಲೆಕ್ಕದ ಮೇಲೆಯೇ. ಆದರೆ ಬಸ್ಸಿಗೂ ಹಡಗಿಗೂ ಒಂದು ವ್ಯತ್ಯಾಸ ಉಂಟು. ಬಸ್ಸಿನಲ್ಲಿ ಮುಂದೆ ಕೂತರೆ ದಾರಿ ಕಾಣುತ್ತದೆ, ತಿರುವು ಬರುವುದು ಮೊದಲೇ ಗೊತ್ತಾಗುತ್ತದೆ, ವಾಂತಿ ಕಡಿಮೆ. ಹಾಗೆಂದು ಹಡಗಿನಲ್ಲಿಯೂ ಮುಂದೆ ಕೂತರೆ ಒಳ್ಳೆಯದು ಎಂದು ಹಲವರು ಎಣಿಸುತ್ತಾರೆ. ಇದು ಸಲ್ಲದು. ರಾತ್ರಿಯ ಕಡಲಿನಲ್ಲಿ ಕಾಣುವುದಕ್ಕೆ ಏನೂ ಇರುವುದಿಲ್ಲ, ಮಲಗಿ ಕಣ್ಣು ಮುಚ್ಚಿದ ಮೇಲಂತೂ ನೋಟದ ಪ್ರಶ್ನೆಯೇ ಇಲ್ಲ. ಮೇಲೆ ಕೆಳಗೆ ಆಡುವುದೊಂದೇ ಉಳಿಯುತ್ತದೆ.

ತಲೆಸುತ್ತಿಗೆ ಕಾರಣ ಕಿವಿಯೊಳಗಿನ ಸಮತೋಲದ ಅಂಗ. ಮೈ ಅಲುಗುತ್ತಿದೆ ಎಂದು ಅದು ಹೇಳುತ್ತದೆ. ಕಣ್ಣು ನಾಲ್ಕು ಗೋಡೆಗಳನ್ನು ನೋಡಿ, ಇಲ್ಲ, ಎಲ್ಲವೂ ನಿಂತೇ ಇದೆ ಎನ್ನುತ್ತದೆ. ಈ ಜಗಳದಲ್ಲಿ ಪೆಟ್ಟು ತಿನ್ನುವುದು ಹೊಟ್ಟೆ. ತಜ್ಞರು ಪರೀಕ್ಷೆ ಮಾಡಿ ಕಂಡುಕೊಂಡಂತೆ, ಐದಾರು ಸೆಕೆಂಡಿಗೆ ಒಮ್ಮೆಯಂತೆ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದಾಗಲೇ ವಾಕರಿಕೆ ಅತಿ ಹೆಚ್ಚು. ಬೇಗ ಬೇಗ ಕುಲುಕಿದರೆ ಅಷ್ಟಾಗಿ ಬಾರದು. ಜೀಪಿನಲ್ಲಿ ಎಸ್ಟೇಟ್ ರಸ್ತೆಯ ಕುಲುಕಾಟಕ್ಕೆ ಸೊಂಟ ನೋಯುತ್ತದೆಯೇ ಹೊರತು ಹೊಟ್ಟೆ ತೊಳಸುವುದು ಕಡಿಮೆ. ಅಲೆಗೆ ಎದುರಾಗಿ ಸಾಗುವ ಹಡಗಿನ ಏರಿಳಿತ ಸುಮಾರಾಗಿ ಆ ಕೆಟ್ಟ ಲಯಕ್ಕೆ ಹತ್ತಿರ ಬರುತ್ತದೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವಂಥ ಚಿಕ್ಕ ಹಡಗುಗಳಲ್ಲಿ ಇದು ಇನ್ನಷ್ಟು ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ.

ಈಗಿನ ಹಡಗುಗಳಿಗೆ ಹೊಯ್ದಾಟ ತಡೆಯುವ ರೆಕ್ಕೆಗಳಿವೆ, ಏನೂ ಗೊತ್ತಾಗುವುದಿಲ್ಲ ಎಂಬ ಮಾತನ್ನೂ ಕೇಳುತ್ತೀರಿ. ಅರ್ಧ ನಿಜ. ಹಡಗಿನ ಎರಡೂ ಮಗ್ಗುಲಲ್ಲಿ ನೀರಿನೊಳಗೆ ಮೀನಿನ ರೆಕ್ಕೆಯಂತೆ ಚಾಚುವ ಫಲಕಗಳಿರುತ್ತವೆ. ಅವು ಎಡಬಲದ ವಾಲುವಿಕೆಯನ್ನು ಬಹಳ ಮಟ್ಟಿಗೆ ತಗ್ಗಿಸುತ್ತವೆ. ಮೂತಿಯ ಏರಿಳಿತಕ್ಕೆ ಮಾತ್ರ ಅವುಗಳಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಇನ್ನೂರು ಮೀಟರ್ ಉದ್ದದ ಉಕ್ಕನ್ನು ಮೂತಿ ಹಿಡಿದು ಅದುಮಲು ಅಷ್ಟು ಸಣ್ಣ ರೆಕ್ಕೆಗಳಿಗೆ ಶಕ್ತಿ ಎಲ್ಲಿಂದ ಬರಬೇಕು?

ಕೆಳಗಿನ ಅಂತಸ್ತಾದರೆ ಸರಿಹೋಗುವುದೇ?

ಏಜೆಂಟರ ಕೊನೆಯ ಅಸ್ತ್ರ ಇದು. ಮುಂದಿನ ಕೋಣೆಯೇ ಇರಲಿ, ಆದರೆ ಕೆಳಗಿನ ಅಂತಸ್ತಿನಲ್ಲಿ ಕೊಡಿಸುತ್ತೇನೆ, ಅಲ್ಲಿ ಅಲುಗಾಟ ಇರುವುದಿಲ್ಲ ಎನ್ನುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಕೆಳಗಿದ್ದರೆ ಕಡಿಮೆಯಾಗುವುದು ಹೊಯ್ದಾಟ. ಕೊನೆ ಕೊಯ್ಯುವವನನ್ನು ನೆನೆಸಿಕೊಳ್ಳಿ. ಅಡಿಕೆ ಮರದ ಬುಡದಲ್ಲಿ ನಿಂತು ಹಗ್ಗ ಹಿಡಿದವನಿಗೆ ಗಾಳಿ ಬಂದುದೇ ತಿಳಿಯದು. ಮೇಲಿದ್ದವನು ಒಂದು ಮರದಿಂದ ಇನ್ನೊಂದು ಮರವನ್ನೇ ಹಿಡಿಯುವಷ್ಟು ತೂಗುತ್ತಾನೆ. ಹಡಗು 5 ಡಿಗ್ರಿ ವಾಲಿದಾಗ, ವಾಲುವ ನಡುಗೆರೆಯಿಂದ 25 ಮೀಟರ್ ಮೇಲಿರುವ ಕೋಣೆ 2 ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಕೆಳ ಅಂತಸ್ತಿನಲ್ಲಿ ಅದು ಅಷ್ಟಾಗಿ ಇಲ್ಲ. ಆದರೆ ಮುಂದಿನ ಕೋಣೆಯ ತೊಂದರೆ ಇದಲ್ಲವಲ್ಲ! ಮೂತಿ 3 ಮೀಟರ್ ಎದ್ದರೆ ಮೇಲಿನ ಅಂತಸ್ತೂ 3 ಮೀಟರ್ ಏಳುತ್ತದೆ, ಕೆಳಗಿನ ಅಂತಸ್ತೂ 3 ಮೀಟರ್ ಏಳುತ್ತದೆ. ಏತದ ತುದಿಗೆ ಕಟ್ಟಿದ ಗಳುವಿನ ಮೇಲ್ತುದಿಯಾದರೇನು, ಕೆಳತುದಿಯಾದರೇನು? ಎಷ್ಟು ಕೆಳಗೆ ಹೋದರೂ ಮುಂದೆ ಇರುವುದು ಮುಂದೆಯೇ. ಹಡಗಿನಲ್ಲಿ ನೆಮ್ಮದಿಯ ಜಾಗ ಎಂದರೆ ಉದ್ದದಲ್ಲಿಯೂ ನಡು, ಎತ್ತರದಲ್ಲಿಯೂ ತಗ್ಗು, ಎರಡೂ ಕೂಡಿದ್ದು.

ಹಳೆಯ ಕಾಲದ ಹಡಗಿನವರಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಹಾಯಿಹಡಗುಗಳಲ್ಲಿ ಸಾಮಾನ್ಯ ನಾವಿಕರ ಬಿಡಾರ ಮೂತಿಯಲ್ಲಿ, ಕಪ್ತಾನ ಮತ್ತು ಅಧಿಕಾರಿಗಳದ್ದು ಹಿಂದೆ. ಸಾದಾ ನಾವಿಕನಾಗಿ ದುಡಿದವನನ್ನು ಇಂಗ್ಲಿಷಿನಲ್ಲಿ ಕಂಬದ ಮುಂದಿನವನು ಎಂದೇ ಕರೆಯುತ್ತಿದ್ದರು. ಆವಿ ಹಡಗುಗಳು ಬಂದು, ಎಂಜಿನ್ನು ನಡುವಿನಲ್ಲಿ ಕೂತ ಮೇಲೆ ಹಣವಂತರ ಕೋಣೆಗಳು ನಡುಭಾಗಕ್ಕೆ ಬಂದವು. ಮೂತಿಯ ಭಾಗ ಬಡವರ ಪಾಲಿಗೇ ಉಳಿಯಿತು. 1912ರ ಏಪ್ರಿಲಿನಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿ ಮೊದಲ ದರ್ಜೆ ನಡುಭಾಗದಲ್ಲಿತ್ತು. ಮೂರನೆಯ ದರ್ಜೆಯ ಒಂಟಿ ಗಂಡಸರನ್ನು ಮೂತಿಯ ಕಡೆಗೆ ಹಾಕಿದ್ದರು; ಆ ದರ್ಜೆಯ ಸಂಸಾರಸ್ಥರನ್ನೂ ಒಂಟಿ ಹೆಂಗಸರನ್ನೂ ಬಾಲದ ಕಡೆಗೆ. ಹಿಮಗಡ್ಡೆ ತಾಗಿದ್ದು ಮೂತಿಯ ಬಲಮಗ್ಗುಲಿಗೆ. ಪ್ರಯಾಣಿಕರ ಪೈಕಿ ಕೋಣೆಯ ನೆಲದಲ್ಲಿ ನೀರನ್ನು ಮೊದಲು ಕಂಡವರು ಆ ಮುಂದಿನ ಬಡ ಗಂಡಸರು. ಅಂದು ಅಗ್ಗದ ಜಾಗವಾಗಿದ್ದ ಅದೇ ಮೂತಿಯ ಮೇಲಿನ ಅಂತಸ್ತುಗಳಿಗೆ ಇಂದು ದೊಡ್ಡ ಗಾಜು ಕೂರಿಸಿ, ಸೂಟ್ ಎಂದು ಹೆಸರಿಟ್ಟು, ಹೆಚ್ಚಿನ ದರಕ್ಕೆ ಮಾರುವ ಕಂಪೆನಿಗಳಿವೆ. ಹಡಗುಗಳು ಬಹಳ ದೊಡ್ಡವಾಗಿರುವುದು ನಿಜ, ಹವೆಯ ಮುನ್ಸೂಚನೆ ನೋಡಿ ದಾರಿ ಬದಲಿಸುವುದೂ ನಿಜ. ಆದರೆ ಏತದ ಲೆಕ್ಕ ಬದಲಾಗಿಲ್ಲ.

ನಮ್ಮ ಬಿಡುವು, ಕಡಲಿನ ಮುನಿಸು

ಇಷ್ಟು ಓದಿದವರು ಮುಂದಿನ ಕೋಣೆ ಎಂದರೆ ಸದಾ ಹಿಂಸೆ ಎಂದು ತಿಳಿಯಬಾರದು. ಕಡಲು ಕೊಳದಂತೆ ಇದ್ದಾಗ ಮುಂದೆ ಮಲಗಿದರೂ ಒಂದೇ, ನಡುವೆ ಮಲಗಿದರೂ ಒಂದೇ. ಪ್ರಶ್ನೆ ಇರುವುದು ಯಾವ ತಿಂಗಳು, ಯಾವ ದಾರಿ ಎಂಬುದರಲ್ಲಿ. ಇಲ್ಲಿ ಬೆಳೆಗಾರನಿಗೆ ಒಂದು ವಿಶೇಷ ತೊಡಕು ಉಂಟು.

ನಮ್ಮ ಪಶ್ಚಿಮ ಕರಾವಳಿಯ ಕಡಲು ಅತ್ಯಂತ ಶಾಂತವಾಗಿರುವುದು ಸುಮಾರಾಗಿ ಡಿಸೆಂಬರಿನಿಂದ ಮಾರ್ಚಿಯವರೆಗೆ. ವಿದೇಶೀ ಪ್ರವಾಸಿ ಹಡಗುಗಳು ಪಣಂಬೂರಿನ ನವಮಂಗಳೂರು ಬಂದರಿಗೆ ಬಂದು ಹೋಗುವುದು ಹೆಚ್ಚಾಗಿ ಈ ದಿನಗಳಲ್ಲಿಯೇ. ನಮಗೋ ಅದೇ ಸಮಯದಲ್ಲಿ ಅರೇಬಿಕ ಕೊಯ್ಲು, ಅದು ಮುಗಿಯುವುದರೊಳಗೆ ರೊಬಸ್ಟ, ಜೊತೆಗೆ ಅಡಿಕೆ ಕೊಯ್ಲು, ಸುಲಿತ, ಒಣಗಿಸುವುದು. ಆಳು ಸಿಕ್ಕ ದಿನ ಮನೆ ಬಿಟ್ಟು ಕದಲುವಂತಿಲ್ಲ. ನಮಗೆ ಬಿಡುವು ಸಿಗುವುದು ಕೊಯ್ಲು ಮುಗಿದು ಹೂಮಳೆಯೋ ನೀರಾವರಿಯೋ ಆದ ಮೇಲೆ, ಏಪ್ರಿಲ್ ಮೇ ತಿಂಗಳಲ್ಲಿ. ಇಲ್ಲವಾದರೆ ಔಷಧಿ ಸಿಂಪಡಣೆ ತೀರಿ ಮಳೆ ತಗ್ಗಿದ ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಮಕ್ಕಳ ಶಾಲೆಯ ರಜೆಯೂ ಅದೇ ಹೊತ್ತಿಗೆ. ಆದುದರಿಂದ ಮುಂಬಯಿಯ ವ್ಯಾಪಾರಿ ಜನವರಿಯಲ್ಲಿ ಹೋಗಿಬಂದು, ಮುಂದಿನ ಕೋಣೆ ಅದ್ಭುತ, ಅಲುಗಾಟವೇ ಇಲ್ಲ ಎಂದು ಹೇಳಿದ ಮಾತನ್ನು ಮೇ ತಿಂಗಳಲ್ಲಿ ಹೊರಡುವ ಬೆಳೆಗಾರ ಹಾಗೆಯೇ ತೆಗೆದುಕೊಳ್ಳಲಾಗದು.

ಏಪ್ರಿಲಿನಲ್ಲಿ ಕಡಲು ಒಟ್ಟಿನಲ್ಲಿ ಒಳ್ಳೆಯದೇ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬೀಸುವ ಗಾಳಿಯೊಂದನ್ನು ಬಿಟ್ಟರೆ. ಮುಂಬಯಿಯಿಂದ ತೆಂಕಣಕ್ಕೆ ಬರುವಾಗ ಆ ಗಾಳಿಯೂ ತೆರೆಯೂ ಹಡಗಿನ ಬೆನ್ನ ಹಿಂದಿರುತ್ತವೆ. ಮರಳಿ ಬಡಗಣಕ್ಕೆ ಹೋಗುವಾಗ ಹಡಗು ಅವಕ್ಕೆ ಮೂತಿಯೊಡ್ಡಿ ಸಾಗಬೇಕು. ಹೋಗುವಾಗ ಸುಖವಾಗಿ ನಿದ್ದೆ ಬಂದ ಮುಂದಿನ ಕೋಣೆಯಲ್ಲಿ ಬರುವಾಗ ನಿದ್ದೆ ಬಾರದಿರುವುದು ಹೀಗೆ. ಮೇ ತಿಂಗಳ ನಡುವಿನಿಂದ ಅರಬ್ಬೀ ಸಮುದ್ರದಲ್ಲಿ ಚಂಡಮಾರುತದ ಭಯ ಉಂಟು. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಉದ್ದಕ್ಕೂ ಹಾದು ಗುಜರಾತಿಗೆ ಅಪ್ಪಳಿಸಿದ ತೌಕ್ತೆಯನ್ನು ಯಾರೂ ಮರೆತಿಲ್ಲ. ಅಕ್ಟೋಬರ್ ನವೆಂಬರಿನಲ್ಲಿ ಆ ಭಯ ಎರಡನೆಯ ಸಲ ಬರುತ್ತದೆ. ಚಂಡಮಾರುತವಿದ್ದಾಗ ಹಡಗು ಹೊರಡುವುದಿಲ್ಲ ಎಂಬುದು ಸರಿ. ಆದರೆ ನೂರಾರು ಮೈಲಿ ದೂರದಲ್ಲಿ ಎದ್ದ ಚಂಡಮಾರುತದ ಅಲೆಗಳು ಗಾಳಿಯಿಲ್ಲದ ಕಡೆಗೂ ಬಂದು ಹಡಗನ್ನು ಎತ್ತಿ ಇಳಿಸುತ್ತವೆ.

ಮುಂಗಾರಿನಲ್ಲಿ ಇತ್ತ ಕಡಲು ಕೆಟ್ಟಾಗ ಹಡಗು ಮೂಡಣ ಕರಾವಳಿಗೆ ಹೋದದ್ದುಂಟು. 2023ರ ಜೂನಿನಲ್ಲಿ ಇದೇ ಎಂಪ್ರೆಸ್ ಚೆನ್ನೈಯಿಂದ ಶ್ರೀಲಂಕಾದ ಹಂಬನತೋಟ, ಟ್ರಿಂಕಾಮಲಿಗಳ ಕಡೆಗೆ ಓಡಿತು. ಭೂಪಟ ಎದುರಿಗಿಟ್ಟುಕೊಂಡು ನೋಡಿ. ಶ್ರೀಲಂಕಾದ ಮೂಡಣದಲ್ಲಿರುವ ಟ್ರಿಂಕಾಮಲಿಗೆ ನೈರುತ್ಯ ಮುಂಗಾರಿನ ಅಲೆಗೆ ನೆಲದ ಆಸರೆ ಉಂಟು. ತೆಂಕಣ ತೀರದ ಹಂಬನತೋಟಕ್ಕೆ ಆ ಆಸರೆ ಇಲ್ಲ. ಮಳೆಗಾಲದ ಪ್ರವಾಸಕ್ಕೆ ಹೆಸರು ಕೊಡುವವರು ದಾರಿಯನ್ನು ಹೀಗೆ ಒಂದು ಸಲ ನೋಡಿಕೊಂಡರೆ ಮುಂದಿನ ಕೋಣೆ ಬೇಕೋ ಬೇಡವೋ ಎಂಬುದು ತಾನಾಗಿ ತಿಳಿಯುತ್ತದೆ.

ನೋಟ, ಸದ್ದು, ನಡಿಗೆ

ಇನ್ನು ಆ ಹೆಸರಾಂತ ನೋಟದ ವಿಷಯ. ಬೆಳಗ್ಗೆ ಹಡಗು ಬಂದರಿನೊಳಗೆ ಬರುವ ಹೊತ್ತಿಗೆ ಮುಂದಿನ ಕಿಟಕಿಯಲ್ಲಿ ನಿಂತರೆ ದಡ ಮೆಲ್ಲನೆ ದೊಡ್ಡದಾಗುತ್ತ ಬರುವುದನ್ನು ಕಾಣಬಹುದು. ಅದು ನಿಜಕ್ಕೂ ಸೊಗಸು, ಅಲ್ಲ ಎನ್ನಲಾರೆ. ಆದರೆ ಈ ಕಿಟಕಿಗಳು ದಪ್ಪ ಗಾಜಿನವು, ತೆರೆಯಲು ಬಾರದವು. ಉಪ್ಪುನೀರಿನ ಹನಿ ಒಣಗಿ ಮಸುಕಾಗಿರುವುದೂ ಉಂಟು. ಕೆಳ ಅಂತಸ್ತಿನವಕ್ಕೆ ಕಡಲು ಕೆಟ್ಟಾಗ ಹಡಗಿನವರೇ ಉಕ್ಕಿನ ಮುಚ್ಚಳ ಹಾಕುತ್ತಾರೆ. ರಾತ್ರಿಯಾಯಿತೆಂದರೆ ಪರದೆ ಎಳೆಯಲೇಬೇಕು. ಹಡಗು ನಡೆಸುವ ಕಟ್ಟೆ ಸಾಮಾನ್ಯವಾಗಿ ಅಲ್ಲಿಯೇ ಮೇಲೆಯೋ ಪಕ್ಕದಲ್ಲಿಯೋ ಇದ್ದು, ಕೋಣೆಯ ಬೆಳಕು ಹೊರಗೆ ಚೆಲ್ಲಿದರೆ ಕತ್ತಲಲ್ಲಿ ಮುಂದಿನ ದಾರಿ ನೋಡುವವರಿಗೆ ತೊಂದರೆ. ರಾತ್ರಿ ಬಸ್ಸಿನಲ್ಲಿ ಒಳದೀಪ ಆರಿಸಿ ಎಂದು ಚಾಲಕ ಕೂಗುವುದಿಲ್ಲವೇ, ಅದೇ ಕಾರಣ.

ಮುಂದಿನ ಬಾಲ್ಕನಿ ಎಂದು ಕೇಳಿ ಮರುಳಾಗಬೇಡಿ. ಹಡಗಿನ ವೇಗ 20 ನಾಟ್ ಎಂದರೆ ಗಂಟೆಗೆ 37 ಕಿಲೋಮೀಟರು. ಗಾಳಿಯೇ ಇಲ್ಲದ ದಿನವೂ ಬಾಲ್ಕನಿಯಲ್ಲಿ ನಿಂತವನ ಮುಖಕ್ಕೆ ಅಷ್ಟು ವೇಗದ ಗಾಳಿ. ಎದುರುಗಾಳಿಯೂ ಇದ್ದರೆ ಬಾಗಿಲು ತೆರೆಯಲು ಇಬ್ಬರು ಬೇಕು. ಕೆಲವು ಹಡಗುಗಳಲ್ಲಿ ಗಾಳಿಯನ್ನು ತಡೆಯಲೆಂದೇ ಮುಂದಿನ ಬಾಲ್ಕನಿಗೆ ಗಾಜಿನ ಬದಲು ಎದೆಯೆತ್ತರದ ಉಕ್ಕಿನ ತಡೆ ಹಾಕಿರುತ್ತಾರೆ, ಕುಳಿತರೆ ಕಾಣುವುದು ಬಣ್ಣ ಬಳಿದ ಉಕ್ಕು. ಕವಳ ಹಾಕುವ ಹಿರಿಯರಿಗೆ ಇಲ್ಲೊಂದು ಮಾತು: ಹಡಗಿನಿಂದ ಕಡಲಿಗೆ ಉಗುಳುವುದು ಎಲ್ಲಿಂದಾದರೂ ತಪ್ಪು, ಮುಂದಿನ ಬಾಲ್ಕನಿಯಿಂದ ಉಗುಳಿದರೆ ಮಾತ್ರ ಶಿಕ್ಷೆ ಕೂಡಲೇ ಸ್ವಂತ ಅಂಗಿಯ ಮೇಲೆ ಬೀಳುತ್ತದೆ.

ಸದ್ದಿನ ವಿಷಯಕ್ಕೆ ಬಂದರೆ, ಎಂಜಿನ್ನಿನ ಗುಡುಗು ಮುಂದೆ ಕಡಿಮೆ, ಇದೊಂದು ಅನುಕೂಲ. ಅದರ ಬದಲು ಬೇರೆ ಮೂರು ಸದ್ದುಗಳಿವೆ. ಎದ್ದ ಮೂತಿ ನೀರಿಗೆ ಅಪ್ಪಳಿಸಿದಾಗ ಬರುವ ಧಡ್ ಎಂಬ ಶಬ್ದ, ಅದರ ಹಿಂದೆಯೇ ಗೋಡೆಯೆಲ್ಲ ನಡುಗುವುದು. ಹಡಗನ್ನು ದಕ್ಕೆಗೆ ತಾಗಿಸುವಾಗ ಮೂತಿಯ ಕೆಳಗಿರುವ ಅಡ್ಡ ಚಕ್ರಗಳು ತಿರುಗುವ ಸದ್ದು, ಕೆಳಗಿನ ಮನೆಯಲ್ಲಿ ಹಲ್ಲರ್ ಮಿಷನ್ನು ಹಾಕಿದಂತೆ; ಸಾಮಾನ್ಯವಾಗಿ ಇದು ಮುಂಜಾನೆಯ ಸಕ್ಕರೆ ನಿದ್ದೆಯ ಸಮಯಕ್ಕೆ. ಮೂರನೆಯದು ದಕ್ಕೆಯಿಲ್ಲದ ಕಡೆ ಲಂಗರು ಇಳಿಸುವಾಗ ಸರಪಳಿ ಉರುಳುವ ಶಬ್ದ, ಅದನ್ನು ಕೇಳಿ ಎಚ್ಚರವಾಗದವರು ಇಲ್ಲ. ಕೆಳ ಅಂತಸ್ತಿಗೆ ಹೋದಷ್ಟೂ ಈ ಮೂರೂ ಜಾಸ್ತಿ.

ನಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಹಳಷ್ಟು ಹಡಗುಗಳಲ್ಲಿ ನಾಟಕಶಾಲೆ ಮುಂದೆ, ದೊಡ್ಡ ಊಟದ ಮನೆ ಹಿಂದೆ. ಮುಂದಿನ ಕೋಣೆಯಿಂದ ಊಟಕ್ಕೆ ಹೋಗಿ ಬರುವುದೆಂದರೆ ಪ್ರತಿ ಸಲ ಮುನ್ನೂರು ಮೀಟರಿಗೂ ಹೆಚ್ಚು. ದಿನಕ್ಕೆ ಮೂರು ಊಟ ತಿಂಡಿಗೆ ಒಂದು ಕಿಲೋಮೀಟರ್ ಆಯಿತು. ತೋಟದಲ್ಲಿ ದಿನವಿಡೀ ನಡೆಯುವ ನಮಗೆ ಇದು ಏನೂ ಅಲ್ಲ, ಮಂಡಿನೋವಿನ ತಾಯಿಗೆ ಅಲುಗುವ ನೆಲದ ಮೇಲೆ ಇದು ದೊಡ್ಡದೇ.

ಆ ಸದಸ್ಯರಿಗೆ ಕೊಟ್ಟ ಉತ್ತರ ಹೀಗಿತ್ತು: ಹಿರಿಯರ ಹೆಸರಿನ ಕೋಣೆ ನಡುಭಾಗದಲ್ಲಿ, ತಗ್ಗಿನ ಅಂತಸ್ತಿನಲ್ಲಿ, ಲಿಫ್ಟಿಗೆ ಹತ್ತಿರ ಇರಲಿ, ಬಾಲ್ಕನಿ ಬೇಡ, ದೊಡ್ಡ ಕಿಟಕಿ ಸಾಕು. ಮುಂದಿನ ನೋಟ ನೋಡಬೇಕೆಂದರೆ ಅದಕ್ಕೆ ಕೋಣೆಯೇ ಬೇಕಾಗಿಲ್ಲ. ಅನೇಕ ಹಡಗುಗಳಲ್ಲಿ ಮೇಲಿನ ಅಂತಸ್ತಿನ ಮುಂಭಾಗದಲ್ಲಿ ಎಲ್ಲರಿಗೂ ತೆರೆದ ಗಾಜಿನ ಹಜಾರ ಇರುತ್ತದೆ; ಬಂದರು ಬರುವ ಹೊತ್ತಿಗೆ ಅಪ್ಪ ಅಮ್ಮನನ್ನು ಅಲ್ಲಿ ಕೂರಿಸಿದರಾಯಿತು. ಮಗ ಸೊಸೆಗೆ ಆಸೆಯಿದ್ದರೆ, ಶಾಂತ ಕಡಲಿನ ತಿಂಗಳಾದರೆ, ಅವರಿಬ್ಬರು ಬೇಕಾದರೆ ಮುಂದಿನ ಕೋಣೆ ಹಿಡಿಯಲಿ. ಹೀಗೆ ಮಾಡಿದರೆ ಒಂದು ಕುಟುಂಬ ಎರಡು ಕಡೆಯಾಗುತ್ತದೆ ಎಂಬ ಕೊರತೆ ಇದ್ದದ್ದೇ. ರಾತ್ರಿ ವೇಳೆ ಹಿರಿಯರಿಗೆ ಯಾರಾದರೂ ಹತ್ತಿರ ಬೇಕು ಎಂದಾದರೆ ಎಲ್ಲರೂ ನಡುವೆಯೇ ಇರುವುದು ಮೇಲು.

ಕೋಣೆ ಗೊತ್ತುಮಾಡುವಾಗ ಏಜೆಂಟರ ಬಾಯಿಮಾತನ್ನು ನಂಬದೆ ಹಡಗಿನ ಅಂತಸ್ತಿನ ನಕ್ಷೆಯನ್ನು ಕೇಳಿ ಪಡೆಯಿರಿ. ಚೂಪಾದ ಕಡೆ ಮೂತಿ. ಹೆಚ್ಚಿನ ಹಡಗುಗಳಲ್ಲಿ ಕೋಣೆಯ ಸಂಖ್ಯೆ ಮೂತಿಯಿಂದ ಶುರುವಾಗಿ ಹಿಂದಕ್ಕೆ ಏರುತ್ತ ಹೋಗುತ್ತದೆ. ಆದರೂ ನಕ್ಷೆಯಲ್ಲಿ ಬೆರಳಿಟ್ಟು ನೋಡಿಯೇ ಒಪ್ಪಿಕೊಳ್ಳುವುದು ಕ್ಷೇಮ. ಕೋಣೆಯ ಮೇಲೆ ಏನಿದೆ, ಕೆಳಗೆ ಏನಿದೆ ಎಂಬುದನ್ನೂ ಪಕ್ಕದ ನಕ್ಷೆಗಳಲ್ಲಿ ನೋಡಿ. ಕೆಳಗೆ ನಾಟಕಶಾಲೆ ಇದ್ದರೆ ರಾತ್ರಿ ಹನ್ನೊಂದರವರೆಗೆ ತಮಟೆ. ಕಡಿಮೆ ದರದ ಒಂದು ಏರ್ಪಾಡು ಉಂಟು, ಗ್ಯಾರಂಟಿ ಎಂದು ಅದರ ಹೆಸರು. ಇದರಲ್ಲಿ ಗ್ಯಾರಂಟಿ ಇರುವುದು ಕೋಣೆಯ ದರ್ಜೆಗೆ ಮಾತ್ರ, ಜಾಗಕ್ಕಲ್ಲ. ಯಾವ ಸಂಖ್ಯೆ ಎಂಬುದನ್ನು ಕಂಪೆನಿ ತನಗೆ ಬೇಕಾದಾಗ ನಿಶ್ಚಯಿಸುತ್ತದೆ, ಉಳಿದವರು ಬೇಡವೆಂದು ಬಿಟ್ಟ ಮೂತಿಯ ಕೋಣೆ ಬಂದರೆ ಬೇಡ ಎನ್ನಲಾಗದು. ವಾಂತಿಯ ತೊಂದರೆ ಇರುವವರು ಈ ದರದ ಗೊಡವೆಗೆ ಹೋಗದಿರುವುದು ಒಳ್ಳೆಯದು. ಮುಂಬಯಿಯಿಂದ ತೆಂಕಣಕ್ಕೆ ಬರುವ ದಾರಿಯಲ್ಲಿ ಎಡಮಗ್ಗುಲಿಗೆ ದಡ, ಬಲಮಗ್ಗುಲಿಗೆ ಸೂರ್ಯಾಸ್ತ, ಮರಳುವಾಗ ತಿರುಗುಮುರುಗು. ದಡ ದೂರವೇ ಇರುವುದರಿಂದ ಮಗ್ಗುಲಿಗಾಗಿ ಹೆಚ್ಚು ಹಣ ತೆರಬೇಕಾದ್ದಿಲ್ಲ.

ಈಗಾಗಲೇ ಮುಂದಿನ ಕೋಣೆಗೆ ಹಣ ಕಟ್ಟಿದವರೂ ಇರಬಹುದು. ಅವರು ಮೊದಲು ಕಂಪೆನಿಗೆ ಬರೆದು ನಡುಭಾಗಕ್ಕೆ ಬದಲಾಯಿಸಿ ಎಂದು ಕೇಳಬೇಕು. ಹೊರಡುವುದಕ್ಕೆ ಬಹಳ ದಿನ ಇರುವಾಗ ಇದು ಆಗುತ್ತದೆ, ಹಡಗು ತುಂಬಿದ ಮೇಲೆ ಕಷ್ಟ. ಆಗಲಿಲ್ಲವಾದರೆ ಹೊರಡುವ ಮೊದಲೇ ಮನೆಯ ವೈದ್ಯರನ್ನು ಕಾಣಿರಿ. ವಾಕರಿಕೆಯ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿ ಫಲವಿಲ್ಲ, ಮೊದಲೇ ತೆಗೆದುಕೊಳ್ಳಬೇಕು. ಈ ಮಾತ್ರೆಗಳು ಹೆಚ್ಚಿನವು ಮಂಪರು ತರಿಸುತ್ತವೆ. ಮೂತ್ರ ಕಟ್ಟುವ ತೊಂದರೆ, ಕಣ್ಣಿನ ಒತ್ತಡದ ಕಾಯಿಲೆ ಇರುವ ಹಿರಿಯರಿಗೆ ಕೆಲವು ಆಗಿಬರುವುದಿಲ್ಲ. ಅಂಗಡಿಯವನನ್ನು ಕೇಳಿ ತರುವ ಪದಾರ್ಥ ಇದಲ್ಲ. ಹಡಗಿನಲ್ಲಿ ಖಾಲಿ ಹೊಟ್ಟೆಯೂ ಬೇಡ, ಬಿಟ್ಟಿ ಊಟವೆಂದು ಬಿರಿಯ ತಿನ್ನುವುದೂ ಬೇಡ. ತಲೆ ತಿರುಗಲು ತೊಡಗಿದರೆ ಕೋಣೆಯಲ್ಲಿ ಮೊಬೈಲ್ ನೋಡುತ್ತ ಕೂರದೆ, ನಡುಭಾಗದ ತೆರೆದ ಅಂಗಳಕ್ಕೆ ಬಂದು ಬಾನು ಕಡಲು ಕೂಡುವ ಗೆರೆಯನ್ನು ದೃಷ್ಟಿಸಿ ನೋಡಿ. ಕಣ್ಣೂ ಕಿವಿಯೂ ಒಂದೇ ಮಾತು ಹೇಳತೊಡಗಿದರೆ ಹೊಟ್ಟೆ ಸುಮ್ಮನಾಗುತ್ತದೆ. ಹೊರಗೆ ಬರಲಾಗದಷ್ಟು ಸುಸ್ತಾಗಿದ್ದರೆ ಅಂಗಾತ ಮಲಗಿ ಕಣ್ಣು ಮುಚ್ಚಿರುವುದು ವಾಸಿ. ರಾತ್ರಿ ಮಲಗುವ ಮುನ್ನ ನೀರಿನ ಬಾಟಲಿ, ಕನ್ನಡಕ, ಔಷಧಿಯ ಪೆಟ್ಟಿಗೆಗಳನ್ನು ಮೇಜಿನ ಮೇಲಿಂದ ತೆಗೆದು ಡ್ರಾಯರಿನಲ್ಲಿಡಿ. ಬಚ್ಚಲಿಗೆ ಏಳುವ ಹಿರಿಯರು ಗೋಡೆಯ ಹಿಡಿಕೆಯನ್ನು ಕೈಯಲ್ಲಿ ಹಿಡಿದ ಮೇಲೆಯೇ ಹೆಜ್ಜೆ ಎತ್ತಲಿ.